ನಡುದಾರಿ ಮನೆಯ ಜಿಗ್

ನನ್ನ ಮನೆ ಮೊದಲ ಸಲ ಜಾಗ ಬಿಟ್ಟಾಗ ನಾನು ಮಧ್ಯಾಹ್ನದ ಊಟ ಮಾಡಿ ಮಲಗಿದ್ದೆ. ಎದ್ದು ಚಹಾಕ್ಕೆ ನೀರಿಟ್ಟು ಕಿಟಕಿ ತೆರೆದರೆ, ಮಲಗುವಾಗ ಎದುರಿಗಿದ್ದ ಹಿಟ್ಟಿನ ಗಿರಣಿ ಇರಲಿಲ್ಲ. ಅದರ ಜಾಗದಲ್ಲಿ ಒಬ್ಬ ಕ್ಷೌರಿಕ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಿದ್ದ. ನನ್ನನ್ನು ನೋಡಿ ಬ್ರಷ್ ಎತ್ತಿ ನಮಸ್ಕಾರ ಮಾಡಿದ.

"ಬರ್ರಿ ಅಕ್ಕಾರ, ಇವತ್ತು ನಮ್ಮ ಓಣಿಗೆ ಬಂದ್ರಿ? ನಾಳೆ ಎಲ್ಲಿರ್ತೀರೋ ಏನೋ. ಹಾಲಿನಾಕಿಗೆ ನಾ ಹೇಳಿ ಕಳಸ್ತೀನಿ, ಚಿಂತಿ ಮಾಡಬ್ಯಾಡ್ರಿ."

ಅವನ ಹೆಸರು ಕೆವಣ್ಣ. ಅವನ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ಹೊಸಬರ ಮನೆ ಎಂದರೆ ಹಾಗೆಯೇ ಎಂಬುದು ಊರಿಗೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಅಲ್ಲಿಯ ಹೆರಿಗೆ ಆಸ್ಪತ್ರೆಗೆ ದಾದಿಯಾಗಿ ಬಂದು ನನಗೆ ಆಗ ಆರು ದಿನ.

ಆ ಊರಿನಲ್ಲಿ ಪ್ರತಿ ಮನೆಯೂ ತನ್ನದೇ ಒಂದು ಟ್ಯೂನಿನ ಮೇಲೆ ನಿಂತಿದೆ. ಎಲ್ಲವೂ ಐರಿಷ್ ಧಾಟಿಯವು: ಮೂರು ಮೂರರ ಲೆಕ್ಕದಲ್ಲಿ ಕುಪ್ಪಳಿಸುವ ಜಿಗ್, ನಾಲ್ಕರ ಲೆಕ್ಕದಲ್ಲಿ ಓಡುವ ರೀಲ್. ಹಾಡಿಲ್ಲ, ಸಾಹಿತ್ಯವಿಲ್ಲ, ಬರೀ ವಾದ್ಯ. ಅಂಚೆಯ ಡೋನಲಪ್ಪ ಓಣಿಯ ತುದಿಯಲ್ಲಿ ನಿಂತು ತಗಡಿನ ಕೊಳಲಿನಲ್ಲಿ ಯಾವ ಮನೆಯ ಟ್ಯೂನು ನುಡಿಸುತ್ತಾನೋ ಆ ಮನೆಯ ಬಾಗಿಲು ತೆರೆಯುತ್ತದೆ. ಅವನು ವಿಳಾಸ ಓದಿದ್ದನ್ನು ಯಾರೂ ಕಂಡಿಲ್ಲ. ಮದುವೆಯಾಗಿ ಹೋಗುವ ಹುಡುಗಿ ಗಂಡನ ಮನೆಯ ಟ್ಯೂನನ್ನು ನಿಶ್ಚಿತಾರ್ಥದ ಮಾರನೆಯ ದಿನದಿಂದಲೇ ಕಲಿಯಲು ಕೂರುತ್ತಾಳೆ. ಅಣ್ಣತಮ್ಮಂದಿರು ಪಾಲಾದರೆ ಒಬ್ಬ ಮೊದಲ ಭಾಗ, ಇನ್ನೊಬ್ಬ ಎರಡನೇ ಭಾಗ ತೆಗೆದುಕೊಳ್ಳುತ್ತಾರೆ. ಇಬ್ಬರ ಮನೆಯೂ ಗಾಳಿ ಬಂದಾಗ ತುಸು ಓಲಾಡುತ್ತದೆ, ಹೆಂಡಂದಿರು ಪಾತ್ರೆಗಳನ್ನು ನೆಲದ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಟ್ಯೂನು ಇಲ್ಲದ ಮನೆ ಮಾತ್ರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಊರು ಮಲಗಿರುವಾಗ, ಎದ್ದು ನಡೆಯುತ್ತದೆ.

ಇದನ್ನೆಲ್ಲ ನನಗೆ ತಿಳಿಸಿ ಹೇಳಿದ್ದು ಚಹಾದಂಗಡಿಯ ಬ್ರಿಜಿತವ್ವ. ಅರವತ್ತು ದಾಟಿದ ಹೆಂಗಸು. ಆರು ಮೂಲೆಯ ಒಂದು ಪುಟ್ಟ ತಿದಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಿದ್ದಳು. ಅದಕ್ಕೆ ಕನ್ಸರ್ಟೀನಾ ಎನ್ನುತ್ತಾರೆ. ಪ್ರತಿ ಶುಕ್ರವಾರ ಸಂಜೆ ಅವಳ ಅಂಗಡಿಯಲ್ಲಿ ಊರಿನವರು ವಾದ್ಯ ಹಿಡಿದು ಸೇರುತ್ತಿದ್ದರು.

"ಒಂದು ವರ್ಷ ಐತಿ ನಿನಗ," ಅಂದಳು. "ಅಷ್ಟರಾಗ ನಿನ್ನ ಮನಿಗೆ ಒಂದು ಟ್ಯೂನ್ ಆಗಬೇಕು. ನೀ ಕಟ್ಟಬೇಕು, ಮಂದಿ ಬಾರಸಬೇಕು. ಆಗಲಿಲ್ಲಂದ್ರ ಮನಿ ಊರಾಚಿ ಉಪ್ಪಿನ ಬಯಲು ದಾಟಿ ಹೋಗಿಬಿಡ್ತೈತಿ. ನಿನ್ನಕಿಂತ ಮೊದಲ ಡ್ರಾಯಿಂಗ್ ಮಾಸ್ತರು ಒಬ್ಬರಿದ್ರು. ಕಿಟಕ್ಯಾಗ ಕುಂತು ಕೈ ಬೀಸ್ಕೋತ ಹೋದ್ರು. ಒಳ್ಳೇ ಮನಶ್ಯಾ, ಪಾಪ."

"ಎಲ್ಲಿಗೆ ಹೋದರು?"

"ಹೋದ್ರು," ಅಂದಳು ಬ್ರಿಜಿತವ್ವ, ಚಹಾ ಸೋಸುತ್ತ.

ನಾನು ಹತ್ತೊಂಬತ್ತು ವರ್ಷ ಆಸ್ಪತ್ರೆಗಳ ಕ್ವಾರ್ಟರ್ಸಿನಲ್ಲಿ, ಇಬ್ಬರಿಗೊಂದು ಕೋಣೆಯಲ್ಲಿ, ಒಂದು ಟ್ರಂಕಿನ ಜೊತೆ ಬದುಕಿದವಳು. ಇದು ನನ್ನೊಬ್ಬಳದೇ ಬಾಗಿಲು. ಒಳಗಿನಿಂದ ಚಿಲಕ ಹಾಕಿಕೊಂಡು, ಬೇಕೆಂದಾಗ ತೆಗೆದು, ಮತ್ತೆ ಹಾಕಿಕೊಂಡು ಮೊದಲ ರಾತ್ರಿ ಅರ್ಧ ಗಂಟೆ ಆಟವಾಡಿದ್ದೆ. ಆ ಮನೆಯನ್ನು ಉಪ್ಪಿನ ಬಯಲಿಗೆ ಕೊಡುವ ಮನಸ್ಸು ನನಗಿರಲಿಲ್ಲ.

ಅದೂ ಅಲ್ಲದೆ ನನಗೆ ಸಂಗೀತ ಗೊತ್ತಿತ್ತು. ಹನ್ನೊಂದು ವರ್ಷ ಗುರುಗಳ ಮುಂದೆ ಕೂತು ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತಿದ್ದೆ. ಈ ಊರಿನ ಟ್ಯೂನೋ, ಎಂಟೆಂಟು ಹೆಜ್ಜೆಯ ಎರಡು ಭಾಗ, ಒಂದೊಂದನ್ನೂ ಎರಡೆರಡು ಸಲ. ಕೆಳಗಿನ ಸ್ವರಗಳಲ್ಲಿ ಓಡಾಡುವ ಮೊದಲ ಭಾಗಕ್ಕೆ ಊರಿನವರು ನೆಲ ಎನ್ನುತ್ತಿದ್ದರು, ಮೇಲಕ್ಕೆ ಹತ್ತುವ ಎರಡನೆಯದಕ್ಕೆ ಅಟ್ಟ. ಇಷ್ಟೇ. ಪಲ್ಲವಿಯನ್ನು ಮುಕ್ಕಾಲು ಗಂಟೆ ಬೆಳೆಸಿದವಳಿಗೆ ಇದೇನು ಮಹಾ ಎಂದುಕೊಂಡೆ.

ಒಂದು ತಿಂಗಳು ಕೂತು ಮೊದಲ ಟ್ಯೂನು ಕಟ್ಟಿದೆ. ಶುಕ್ರವಾರ ಅಂಗಡಿಗೆ ಹೋಗಿ, ನೆಲದ ಮೇಲೆ ಕಾಲು ಮಡಿಸಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ ಕೂತೆ. ಬೆಂಚಿನ ಮೇಲೆ ನೆಟ್ಟಗೆ ಕೂತು ಎದೆಗಾನಿಸಿ ನುಡಿಸುವ ಆ ಜನ ನನ್ನನ್ನು ಸುತ್ತುಗಟ್ಟಿ ನೋಡಿದರು.

"ಪಿಟೀಲಿಗೆ ಕಾಲು ತೋರಸ್ತಿಯಲ್ಲವಾ, ಅದು ಏನು ಮಾಡೈತಿ ನಿನಗ?" ಅಂದಳು ಬ್ರಿಜಿತವ್ವ.

ನುಡಿಸಿದೆ. ಒಂದೊಂದು ಸ್ವರಕ್ಕೂ ಗಮಕ ಕೊಟ್ಟೆ. ಪ್ರತಿ ಸುತ್ತಿನಲ್ಲೂ ಹೊಸ ಹೊಸ ಸಂಗತಿ ಹಾಕಿದೆ. ಕೊನೆಯಲ್ಲಿ ಒಂದು ಮುಕ್ತಾಯ ಇಟ್ಟೆ, ನನ್ನ ಗುರುಗಳಿದ್ದಿದ್ದರೆ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು. ಎಲ್ಲರೂ ಕದಲದೆ ಕೂತು ಕೇಳಿದರು. ಡೋನಲಪ್ಪ ಮೀಸೆ ಸವರಿಕೊಂಡು, "ಚಲೋ ಐತಿ. ಕುಂತು ಕೇಳೂ ಅಂಥಾದ್ದು," ಅಂದ. ಉಳಿದವರು ಹೌದು ಹೌದು ಎಂದು ಚಹಾ ಕುಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ದಾರಿಯಲ್ಲಿ ಕೆವಣ್ಣ ಜೊತೆಗೆ ಬಂದು ಮೆಲ್ಲಗೆ ಹೇಳಿದ: "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಲ್ಲೆ ಕುಂತು ಕೇಳೂದು ಹೆಣದ ಮುಂದ ಅಷ್ಟ."

ಮಾರನೆಯ ಮಧ್ಯಾಹ್ನ ಮನೆ ಚಮ್ಮಾರರ ಓಣಿಗೆ ಹೋಯಿತು. ಅದರಾಚೆಯ ವಾರ ಮೀನಿನ ಸಂತೆಯ ಹಿಂದಕ್ಕೆ. ನಾನು ಡ್ಯೂಟಿ ಮುಗಿಸಿ ಹೊರಟವಳು, ಚೀಲ ಹೆಗಲಿಗೆ ಹಾಕಿಕೊಂಡು, "ನನ್ನ ಮನೆ ಕಂಡಿರಾ?" ಎಂದು ಕೇಳುತ್ತ ಹೋಗುವುದು ರೂಢಿಯಾಯಿತು. ಜನ ತಲೆ ಎತ್ತದೆ ಕೈ ತೋರಿಸುತ್ತಿದ್ದರು. "ಈಗ ಇತ್ತಲ್ಲವಾ, ಹುಣಸಿ ಗಿಡದ ಕೆಳಗ. ಬಾಗಲಾ ಹಾಕಿದ್ದಿಲ್ಲ ನೀ, ಆಡು ಒಳಗ ಹೊಕ್ಕಿತ್ತು, ಓಡಿಸೀನಿ."

ಆಸ್ಪತ್ರೆಗೆ ಇದರಿಂದ ತೊಂದರೆಯೇ ಆಯಿತು. ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ ದಾದಿಯ ಮನೆಗೆ ಓಡಬೇಕಲ್ಲ, ಎಲ್ಲಿಗೆ ಓಡುವುದು? ಒಮ್ಮೆ ನಾನು ತಲುಪುವಷ್ಟರಲ್ಲಿ ಕೂಸು ಹುಟ್ಟಿ, ಬಾಣಂತಿಯೇ ನನಗೆ ಚಹಾ ಮಾಡಿಸಿ ಕೊಟ್ಟಳು.

ಎರಡನೇ ಟ್ಯೂನಿಗೆ ನಾನು ಜಾಣತನ ಬಿಟ್ಟು ಅನುಕರಣೆಗೆ ಇಳಿದೆ. ಐದು ತಿಂಗಳು ಶುಕ್ರವಾರ ಶುಕ್ರವಾರ ಕೇಳಿದ ಹಳೆಯ ಟ್ಯೂನುಗಳೆಲ್ಲ ಕಿವಿಯಲ್ಲಿದ್ದವು. ಅವರ ಹಾಗೆಯೇ ಬೆಂಚಿನ ಮೇಲೆ ಕೂತು ಶುರುಮಾಡಿದೆ. ನೆಲದ ಭಾಗ ಒಂದು ಸುತ್ತು ಮುಗಿಯುವ ಮುಂಚೆಯೇ ಅಂಗಡಿಯಲ್ಲಿ ಮೂವರು ಎದ್ದು ನಿಂತರು. ಕಿಟಕಿಯಿಂದ ಹೊರಗೆ ನೋಡಿದರೆ, ಎದುರು ಸಾಲಿನ ಎರಡು ಮನೆಗಳು ಹಳ್ಳ ದಾಟುವ ಹೆಂಗಸರು ಸೀರೆ ಎತ್ತಿಕೊಳ್ಳುವಂತೆ ಮೆಟ್ಟಿಲು ಎತ್ತಿಕೊಂಡು ಒಂದರ ಕಡೆಗೊಂದು ವಾಲಿದ್ದವು.

"ನಿಲ್ಲಸ್! ನಿಲ್ಲಸವಾ ತಾಯಿ!" ಎಂದು ಕೂಗಿ ಬ್ರಿಜಿತವ್ವ ನನ್ನ ತಂತಿಗಳ ಮೇಲೆ ಅಂಗೈ ಇಟ್ಟಳು. ನಾನು ಕಟ್ಟಿದ್ದೆನೆಂದುಕೊಂಡದ್ದು ಡೋನಲಪ್ಪನ ಮನೆಯ ಮೊದಲ ನಾಲ್ಕು ಹೆಜ್ಜೆ, ಗಿರಣಿಯವರ ಮಧ್ಯದ ಎರಡು, ಇನ್ಯಾರದೋ ಕೊನೆಯ ಎರಡು. ಡೋನಲಪ್ಪನ ಅಡುಗೆಮನೆಯ ಗೋಡೆಗೆ ಬಿದ್ದ ಬಿರುಕು ಈಗಲೂ ಇದೆ. ಅವನು ಬೈಯಲಿಲ್ಲ. "ನಮ್ಮ ಮನಿ ನೆನಪಿನ್ಯಾಗ ಇಟ್ಕೊಂಡಿಯಲ್ಲ, ಅದು ಚಲೋ ಆತು," ಅಂದು ಸುಣ್ಣ ತರಲು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾಲ್ಕು ತಿಂಗಳು ಪಿಟೀಲು ಮುಟ್ಟಲಿಲ್ಲ.

ಮೂರನೆಯದನ್ನು ನಾನು ಕಟ್ಟಲು ಕೂರಲೇ ಇಲ್ಲ. ವಾರ್ಡಿನಲ್ಲಿ ಒಂದು ದಿನ ಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಲು ಬೆನ್ನು ತಟ್ಟುತ್ತಿದ್ದೆ. ದಾದಿಯರ ಕೈ ಒಂದೇ ಸಮನೆ ತಟ್ಟುವುದಿಲ್ಲ. ಒಂದು ತಟ್ಟು, ಒಂದು ಸವರು, ಮತ್ತೆ ತಟ್ಟು. ಮೂರು, ಮತ್ತೆ ಮೂರು. ಸುತ್ತು ಹಾಕುತ್ತ ತಟ್ಟುತ್ತಿದ್ದಾಗ ಬಾಯಲ್ಲಿ ಏನೋ ಗುನುಗು ಬಂತು. ಕೂಸು ತೇಗಿ ಮಲಗಿತು. ಗುನುಗು ಮಾತ್ರ ನಿಲ್ಲಲಿಲ್ಲ. ಪಕ್ಕದ ಹಾಸಿಗೆಯ ಹೆಂಗಸು ಮಂಚದ ಕಬ್ಬಿಣಕ್ಕೆ ಬಳೆಯಿಂದ ತಾಳ ಹಾಕುತ್ತಿದ್ದಳು. ಆಗ ಗೊತ್ತಾಯಿತು, ಇದು ಜಿಗ್, ಇದಕ್ಕೆ ನೆಲ ಇದೆ, ಅಟ್ಟವೂ ಇದೆ.

ಶುಕ್ರವಾರ ನುಡಿಸಿದೆ. ಈ ಸಲ ಕುಂತು ಕೇಳೂ ಅಂಥಾದ್ದು ಎಂದು ಯಾರೂ ಅನ್ನಲಿಲ್ಲ. ಡೋನಲಪ್ಪ ತಲೆ ಒಂದು ಕಡೆ ವಾಲಿಸಿ, ಮೇಜಿನ ಮೇಲೆ ಬೆರಳು ಆಡಿಸಿದ. ನನಗೆ ಅಷ್ಟು ಸಾಲದೆ ಹೋಯಿತು. ಮನೆಗೆ ಹೋದವಳೇ ಟ್ಯೂನನ್ನು ಸ್ವರ ಹಾಕಿ ಬರೆದೆ, ಆಸ್ಪತ್ರೆಯ ಚಾರ್ಟು ಬರೆಯುವ ಗುಂಡು ಅಕ್ಷರದಲ್ಲಿ, ಒಂಬತ್ತು ಪ್ರತಿ. ಎಲ್ಲರಿಗೂ ಹಂಚಿದೆ. ಬ್ರಿಜಿತವ್ವ ಅದರಲ್ಲಿಯೇ ಮಿರ್ಚಿ ಭಜಿ ಕಟ್ಟಿ ನನಗೆ ಕೊಟ್ಟಳು.

ಒಂದು ಬೆಳಗ್ಗೆ ವಾರ್ಡಿನ ಕಿಟಕಿಯ ಕೆಳಗೆ ತಗಡಿನ ಕೊಳಲು ಕೇಳಿತು. ಡೋನಲಪ್ಪ. ಸೈಕಲ್ಲು ತಳ್ಳುತ್ತ ತನ್ನ ಪಾಡಿಗೆ ನುಡಿಸುತ್ತಿದ್ದುದು ನನ್ನ ಟ್ಯೂನು. ಹಿಗ್ಗಿನಿಂದ ಕಿಟಕಿಗೆ ಬಂದು ಬಗ್ಗಿದೆ. ಆದರೆ ಆರನೇ ಹೆಜ್ಜೆಯಲ್ಲಿ ಅವನು ನನ್ನ ನಿಷಾದ ಸ್ವರ ಬಿಟ್ಟುಬಿಟ್ಟ. ಅದೇ ಆ ಟ್ಯೂನಿನ ಜೀವ. ಅಲ್ಲಿ ಮೇಲಕ್ಕೆ ಜಾರಿ ಹಿಂದಕ್ಕೆ ಬರುವ ಒಂದು ಎಳೆ ಇಟ್ಟಿದ್ದೆ. ಕೈಯಲ್ಲಿದ್ದ ಕೂಸಿನ ಸಮೇತ ಹೊರಗೋಡಿದೆ.

"ಅಲ್ಲಿ ಹಾಗಲ್ಲ ಡೋನಲಪ್ಪನವರೇ! ನಿಷಾದ ಬರಬೇಕು. ನಿಮಗೆ ಬರೆದು ಕೊಟ್ಟಿದ್ದೀನಲ್ಲ!"

ಅವನು ಕೊಳಲನ್ನು ಬಾಯಿಂದ ತೆಗೆದು, ಅಂಗಿಯ ತುದಿಗೆ ಒರೆಸಿ, ಅಂಚೆಚೀಲದೊಳಗೆ ಇಟ್ಟ. "ನಿಂದವಾ ಅದು," ಅಂದ. "ನೀನ ಇಟ್ಕೋ."

ಸುದ್ದಿ ಮಧ್ಯಾಹ್ನದೊಳಗೆ ಊರು ತುಂಬಿತು. ಮಂಚಕ್ಕೆ ತಾಳ ಹಾಕಿದ್ದ ಹೆಂಗಸು ಕೂಡ ನನ್ನ ಕಂಡೊಡನೆ ಆ ಟ್ಯೂನು ಗುನುಗುವುದನ್ನು ನಿಲ್ಲಿಸಿದಳು. ಬ್ರಿಜಿತವ್ವ ಮಾತ್ರ ಬಾಯಿ ಬಿಟ್ಟು ಬೈದಳು.

"ಹೊಕ್ಕಳಬಳ್ಳಿ ಕತ್ತರಿಸೂದು ನಿನ್ನ ಕೆಲಸ ಹೌದಿಲ್ಲೋ? ಒಬ್ಬ ತಾಯಿನೂ ಬ್ಯಾಡ ಬ್ಯಾಡ ಅನ್ನೂದು ಕೇಳೀಯೇನು ನೀ? ಮತ್ತ ನೀ ಯಾಕ ಹಿಂಗ ಹಿಡಕೊಂಡು ಕುಂತಿ?"

ವರ್ಷ ತುಂಬಲು ಎಂಟು ದಿನ ಉಳಿದಾಗ ಮನೆ ಕೊನೆಯ ದೀಪದ ಕಂಬ ದಾಟಿತ್ತು. ಕಿಟಕಿ ತೆರೆದರೆ ಬಿಳಿ ಬಯಲು, ಗಾಳಿಗೆ ನಾಲಗೆಯ ಮೇಲೆ ಉಪ್ಪು. ಹಾಲಿನವಳು ಇನ್ನು ಬರುವುದಿಲ್ಲ ಎಂದು ಹೇಳಿಕಳಿಸಿದಳು, ಅವಳ ಎಮ್ಮೆಗೆ ದಾರಿ ದೂರವಾಗುತ್ತಿತ್ತಂತೆ. ನಾನು ಮಾನ ಬಿಟ್ಟು ಡೋನಲಪ್ಪನ ಮನೆಗೆ ಹೋದೆ. ಅವನ ಮಗಳು ಊನಾ ತುಂಬಿದ ಬಸುರಿ, ಚೊಚ್ಚಲು, ಮೆಟ್ಟಿಲ ಮೇಲೆ ಕೂತು ಕಾಲು ಚಾಚಿಕೊಂಡಿದ್ದಳು. ಅವಳ ಹೊಟ್ಟೆ ಮುಟ್ಟಿ ನೋಡಿ, ಇನ್ನೂ ಎರಡು ವಾರವಿದೆ ಅಂದೆ. ಆಮೇಲೆ ಅವಳಪ್ಪನ ಮುಂದೆ ನಿಂತೆ.

"ಹೇಗೆ ಬೇಕಾದರೂ ನುಡಿಸಿ. ನಿಷಾದ ಬೇಡ. ಏನೂ ಬೇಡ."

ಡೋನಲಪ್ಪನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅವನ ಮುಖದಲ್ಲಿ ಇದ್ದದ್ದು ಸಂಕಟ. "ಕೇಳಿದ್ದಕ್ಕ ಬಾರಸಿದ್ರ ಮನಿ ನಿಲ್ಲೂದಿಲ್ಲವಾ. ಮಾಸ್ತರಗೆ ಬಾರಿಸಿ ನೋಡಿದಿವಿ, ಇಡೀ ಊರು ಕೂಡಿ ಬಾರಸಿದಿವಿ. ಅದು ತಾನ ಬಾಯಿಗೆ ಬರಬೇಕು. ನನಗ ಈಗ ನೆನಪ ಆಗವಲ್ದು, ಖರೇ ಹೇಳ್ತೀನಿ."

ಕೊನೆಯ ದಿನ ನಾನು ಮಧ್ಯಾಹ್ನ ಮಲಗಲಿಲ್ಲ. ಟ್ರಂಕು ಕಟ್ಟಲೂ ಇಲ್ಲ. ಮನೆ ಬಿಟ್ಟು ಇಳಿದು ನಡೆದರೆ ಮತ್ತೆ ಯಾವುದಾದರೂ ಕ್ವಾರ್ಟರ್ಸಿನ ಅರ್ಧ ಕೋಣೆ ಸಿಗುತ್ತಿತ್ತು. ಇಳಿಯುವುದಿಲ್ಲ ಎಂದು ಹೊಸ್ತಿಲ ಮೇಲೆ ಕೂತೆ. ಎರಡು ಹೊಡೆಯಿತು. ಬೀಸುಕಲ್ಲು ಸರಿಸಿದಂಥ ಸದ್ದಾಯಿತು, ನೆಲ ಮೆಲ್ಲಗೆ ಎದ್ದಿತು. ಮನೆ ನಡೆಯತೊಡಗಿತು. ಊರಿನ ಮಾಡುಗಳು ಸಣ್ಣದಾಗುತ್ತ ಬಂದವು. ನಾನು ಅಳಲಿಲ್ಲ, ಕೈ ಬೀಸಲೂ ಇಲ್ಲ. ಚಿಲಕವನ್ನು ಬೆರಳಿನಿಂದ ಹಿಡಿದುಕೊಂಡಿದ್ದೆ, ಅಷ್ಟೆ.

ಅದೇ ಹೊತ್ತಿಗೆ ಊರಿನಲ್ಲಿ ನಡೆದದ್ದನ್ನು ನನಗೆ ಆಮೇಲೆ ಹತ್ತು ಜನ ಹತ್ತು ರೀತಿಯಲ್ಲಿ ಹೇಳಿದ್ದಾರೆ. ನಡೆದದ್ದು ಇಷ್ಟು: ಮಲಗಿದ್ದ ಊನಾಗೆ ನೋವು ಶುರುವಾಯಿತು, ನೀರು ಒಡೆಯಿತು. ಡೋನಲಪ್ಪ ಬರಿಗಾಲಿನಲ್ಲಿ ಬೀದಿಗೆ ಬಂದ. ದಾದಿ ಬೇಕು. ದಾದಿಯ ಮನೆ ಎಲ್ಲಿದೆಯೋ ಗೊತ್ತಿಲ್ಲ. ಮೂವತ್ತು ವರ್ಷ ಅಂಚೆ ಹಂಚಿದವನಿಗೆ ಮನೆ ಹುಡುಕುವುದು ಒಂದೇ ರೀತಿ ಗೊತ್ತು. ಅವನು ಯೋಚನೆ ಮಾಡಲಿಲ್ಲ. ಕೈ ಜೇಬಿಗೆ ಹೋಯಿತು, ಕೊಳಲು ಬಾಯಿಗೆ ಬಂತು, ಓಡುತ್ತ ನನ್ನ ಟ್ಯೂನು ನುಡಿಸಿದ. ಸದ್ದಿಗೆ ಎಚ್ಚರಾದ ಕೆವಣ್ಣ ಕಿಟಕಿಯಿಂದ, "ಅಟ್ಟ ಹಂಗಲ್ಲೋ ಮಾರಾಯಾ, ಹಿಂಗೈತಿ!" ಎಂದು ಒದರಿ, ಬೌರಾನ್ ಎಂಬ ಅಗಲ ತಮಟೆ ಎತ್ತಿಕೊಂಡು ಬಡಿಯುತ್ತ ಇಳಿದ. ಬ್ರಿಜಿತವ್ವ ಇಬ್ಬರದೂ ತಪ್ಪು ಎಂದು ಬೈಯುತ್ತ ಕನ್ಸರ್ಟೀನಾ ಹಿಡಿದು ಬಂದಳು. ಒಬ್ಬೊಬ್ಬರಿಗೂ ಒಂದೊಂದು ತುಂಡು ನೆನಪು. ಓಡುತ್ತಿದ್ದರಿಂದ ಯಾರಿಗೂ ಉಸಿರಿರಲಿಲ್ಲ. ಉಸಿರಿಲ್ಲದ ಕಡೆ ಸ್ವರಗಳು ಉದುರಿದವು, ಅವುಗಳ ಜಾಗದಲ್ಲಿ ಹೆಜ್ಜೆಗಳು ಕೂತವು.

ನನಗೆ ಮೊದಲು ಕೇಳಿದ್ದು ತಮಟೆ. ಮೂರು, ಮತ್ತೆ ಮೂರು. ಯಾರೋ ಬೇರೆಯವರ ಮನೆಯ ಟ್ಯೂನು, ಚೆನ್ನಾಗಿದೆ ಎನಿಸಿತು. ಒಂದು ಸುತ್ತು ಪೂರ್ತಿ ಕೇಳಿದ ಮೇಲೆ ಗುರುತು ಹತ್ತಿತು. ನನ್ನ ನಿಷಾದ ಇರಲಿಲ್ಲ. ನನ್ನ ಎಳೆ ಇರಲಿಲ್ಲ. ಅಟ್ಟದ ಕೊನೆಗೆ ನಾನು ಇಟ್ಟಿದ್ದ ಇಳಿಜಾರನ್ನು ಯಾರೋ ತಿರುವಿ ಮೇಲಕ್ಕೆ ಎತ್ತಿದ್ದರು, ಹಾಗಾಗಿ ಟ್ಯೂನು ಮುಗಿಯುವ ಬದಲು ಮತ್ತೆ ನೆಲಕ್ಕೆ ಜಿಗಿಯುತ್ತಿತ್ತು. ನಾನು ಒಂದು ವರ್ಷದಲ್ಲಿ ಕೇಳಿದ ಎಲ್ಲ ಟ್ಯೂನುಗಳಿಗಿಂತ ಅದು ಚೆನ್ನಾಗಿತ್ತು. ಬಿಳಿ ಬಯಲಿನ ನಡುವೆ, ಹೊಸ್ತಿಲ ಮೇಲೆ ಕೂತು, ನಾನು ಜೋರಾಗಿ ನಕ್ಕುಬಿಟ್ಟೆ.

ಮನೆ ನಿಂತಿತು. ಒಂದು ಗಳಿಗೆ ಕಿವಿಗೊಟ್ಟಂತೆ ನಿಂತು, ಆಮೇಲೆ ಪಾತ್ರೆಗಳೆಲ್ಲ ಧಡಧಡ ಬೀಳುವಂತೆ ಹಿಂದಿರುಗಿತು. ಹೋದ ಹಾಗೆ ಬರಲಿಲ್ಲ: ಕುಪ್ಪಳಿಸುತ್ತ, ತಾಳ ತಪ್ಪದೆ, ದೀಪದ ಕಂಬ ದಾಟಿ, ಮೀನಿನ ಸಂತೆ ದಾಟಿ, ಹೆಂಚು ಉದುರಿಸುತ್ತ ಊರಿನ ನಡುಬೀದಿಗೆ ಬಂದು, ಕೆವಣ್ಣನ ಅಂಗಡಿಗೂ ಬ್ರಿಜಿತವ್ವನ ಅಂಗಡಿಗೂ ಮಧ್ಯೆ, ಸರಿಯಾಗಿ ದಾರಿಗೆ ಅಡ್ಡವಾಗಿ, ಧೊಪ್ಪನೆ ಕೂತಿತು. ಆ ಕಡೆ ಗೋಡೆ, ಈ ಕಡೆ ಗೋಡೆ. ಒಂದು ಬೆಕ್ಕು ನುಸುಳುವಷ್ಟೂ ಸಂದಿಲ್ಲ.

"ಅಯ್ಯೋ ಇದರ! ದಾರಿಗೇ ಅಡ್ಡ ಕುಂತಿತಲ್ಲೋ!" ಎಂದ ಡೋನಲಪ್ಪ. ಅವರೆಲ್ಲ ಮುಂಬಾಗಿಲ ಕಡೆ, ಊನಾ ಮಲಗಿದ್ದ ಮನೆ ಹಿತ್ತಿಲ ಕಡೆ.

"ಒಳಗೆ ಬನ್ನಿ," ಅಂದೆ. "ನಿಲ್ಲಿಸಬೇಡಿ, ನುಡಿಸುತ್ತಲೇ ಬನ್ನಿ!"

ನಾನು ಚೀಲ ಹಿಡಿದು ಮುಂದೆ, ಕೊಳಲು ಹಿಂದೆ, ಅದರ ಹಿಂದೆ ತಮಟೆ, ಕನ್ಸರ್ಟೀನಾ, ನಿದ್ದೆಗಣ್ಣಿನ ಅರ್ಧ ಊರು. ನಡುಮನೆ ದಾಟಿ, ಅಡುಗೆಮನೆಯಲ್ಲಿ ಬಿದ್ದ ಪಾತ್ರೆ ತುಳಿದುಕೊಂಡು, ಹಿತ್ತಿಲ ಬಾಗಿಲಿನಿಂದ ಹೊರಗೆ. ಬ್ರಿಜಿತವ್ವ ಹೋಗುತ್ತ ಹೋಗುತ್ತ, "ಉಪ್ಪಿನ ಭರಣಿ ಮುಚ್ಚಿಲ್ಲ ನೋಡು ಈಕಿ," ಅಂದಳು.

ಊನಾಗೆ ಕಷ್ಟದ ಹೆರಿಗೆ. ಕೂಸಿನ ಭುಜ ಸಿಕ್ಕಿಕೊಂಡಿತ್ತು. ಅವಳು ಸುಸ್ತಾಗಿ, "ನನ್ನ ಕೈಲಿ ಆಗೂದಿಲ್ಲ ಅಕ್ಕಾರ," ಎಂದು ಕೈ ಚೆಲ್ಲಿದಳು. ಹೊರಗೆ ಜಗುಲಿಯಲ್ಲಿ ಅವರು ನಿಲ್ಲಿಸಿರಲಿಲ್ಲ. "ಅಪ್ಪನ ಕೊಳಲು ಕೇಳು," ಅಂದೆ. "ನೆಲದಲ್ಲಿ ಉಸಿರು ತಗೋ. ಅಟ್ಟ ಬಂದಾಗ ತಳ್ಳು." ಎಷ್ಟು ಸುತ್ತು ಆಯಿತೋ ನಾನು ಎಣಿಸಲಿಲ್ಲ. ಒಂದು ಅಟ್ಟದ ತುದಿಯಲ್ಲಿ, ಅವರು ತಿರುವಿ ಎತ್ತಿದ್ದ ಆ ಜಾಗದಲ್ಲಿ, ನನ್ನ ಕೈಗೆ ಒಂದು ಹೆಣ್ಣುಕೂಸು ಜಾರಿ ಬಂದು, ಎಲ್ಲರಿಗಿಂತ ಮೇಲಿನ ಸ್ವರದಲ್ಲಿ ಕಿರುಚಿತು. ಗಡಿಯಾರ ನೋಡಿದೆ. ನಾಲ್ಕೂವರೆ, ಮನೆ ನಡೆಯುವ ಹೊತ್ತು ಮುಗಿದಿತ್ತು. ಹೊರಗೆ ಬಂದು ನೋಡಿದೆ. ನನ್ನ ಮನೆ ಕೂತಲ್ಲಿಯೇ ಕೂತಿತ್ತು, ದಾರಿ ಕಟ್ಟಿಕೊಂಡು, ಅಷ್ಟು ಅಗಲಕ್ಕೆ, ನಾಚಿಕೆಯಿಲ್ಲದೆ.

ಅದು ಮತ್ತೆ ಕದಲಲಿಲ್ಲ. ಸಂತೆಗೆ ಹೋಗುವವರು ಈಗ ನನ್ನ ಮುಂಬಾಗಿಲಿನಿಂದ ಹೊಕ್ಕು ಹಿತ್ತಿಲಿನಿಂದ ಹೊರಡುತ್ತಾರೆ. ಒಲೆಯ ಮೇಲಿನ ಸಾರಿಗೆ ಹುಳಿ ಕಡಿಮೆ ಎಂದು ಹೇಳಿ ಹೋಗುತ್ತಾರೆ. ಹಾಲಿನವಳಂತೂ ಎಮ್ಮೆಯನ್ನೂ ಹೊಡೆದುಕೊಂಡೇ ಹೋಗುತ್ತಾಳೆ. ನೋವು ಬಂದ ಮನೆಯವರು ನನ್ನನ್ನು ಹುಡುಕುವುದಿಲ್ಲ. ಎಲ್ಲಿಗೆ ಓಡಿದರೂ ನನ್ನ ಮನೆಯೊಳಗೇ ಬಂದು ಬೀಳುತ್ತಾರೆ.

ಆ ಕೂಸು ಓಡಾಡುವ ಹೊತ್ತಿಗೆ ಊರಿಗೆ ಒಬ್ಬ ಹೊಸ ಗಡಿಯಾರ ರಿಪೇರಿಯವನು ಬಂದ, ರುದ್ರಮುನಿ ಅಂತ. ಅವನ ಮನೆ ಇನ್ನೂ ಅಲೆಯುತ್ತಿತ್ತು. ಒಂದು ಶುಕ್ರವಾರ ನಾವೆಲ್ಲ ಸೇರಿ ಆ ಜಿಗ್ ನುಡಿಸಿ ಮುಗಿಸಿದಾಗ ಅವನು ಡೋನಲಪ್ಪನನ್ನು ಕೇಳಿದ, "ಇದು ಬಾಳ ಚಂದ ಐತ್ರಿ. ಯಾರು ಕಟ್ಟಿದ್ದು?"

"ಇದಾ? ಇದು ನಡುದಾರಿ ಮನಿದು," ಅಂದ ಡೋನಲಪ್ಪ. "ಕಟ್ಟೂದೇನು ಬಂತು. ಹಳೇದಿದು. ನಮ್ಮಜ್ಜ ಬಾರಸ್ತಿದ್ದ."

"ನಿಮ್ಮಜ್ಜಗ ಎಲ್ಲೆ ಬರ್ತಿತ್ತೋ?" ಎಂದ ಕೆವಣ್ಣ. "ನಮ್ಮ ಮುತ್ತ್ಯಾ ಕಲಿಸಿದ್ದು ಅವಗ."

"ಇಬ್ರೂ ಸುಳ್ಳ ಹೇಳ್ತಾರ," ಎಂದಳು ಬ್ರಿಜಿತವ್ವ. "ನಮ್ಮವ್ವ ಬಸುರಿದ್ದಾಗ ಕೇಳಿದ್ಲಂತ. ಆ ಮನಿ ಆಗಿಂದ ಅಲ್ಲೇ ಐತಿ, ದಾರಿಗಡ್ಡ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮೂವರ ಮುಖವನ್ನೂ ನೋಡಿದೆ. ಮೂವರಿಗೂ ಖಾತ್ರಿಯಿತ್ತು, ಮೂವರಿಗೂ ಸಿಟ್ಟು ಬಂದಿತ್ತು. ರುದ್ರಮುನಿ ದಿಕ್ಕು ತೋಚದೆ ನನ್ನ ಕಡೆ ತಿರುಗಿದ. "ನೀವಾದ್ರೂ ಹೇಳ್ರಿ ಅಕ್ಕಾರ, ಯಾರದಿದು?"

ನಾನು ಪಿಟೀಲನ್ನು ಎದೆಗೆ ಆನಿಸಿಕೊಂಡೆ.

"ನಾನೂ ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದೇನೆ," ಅಂದೆ. "ಬಹಳ ಹಳೆಯದು."